ಸಬ್‌ವೂಫರ್ ಬಾಕ್ಸ್ ಮಾಡಿಸ್ತಿದ್ದೀರಾ? ಟೇಪು ಒಳಗಿಟ್ಟು ಅಳೀರಿ

ಕಾರಿನ ಸಬ್‌ವೂಫರಿಗೆ, ಅಂದ್ರೆ ಹಾಡಿನ ತಳದ ದಪ್ಪ ಸದ್ದು (ಬೇಸ್) ಕೊಡೋ ಸ್ಪೀಕರಿಗೆ, ಪೋರ್ಟೆಡ್ ಬಾಕ್ಸ್ (ಗಾಳಿ ಪೈಪು ಇಟ್ಟ ಡಬ್ಬ) ಮಾಡಿಸೋಕೆ ಹೊರಟೋರು ದುಡ್ಡು ಕೊಡೋ ಮುಂಚೆ ಇದನ್ನ ಓದಿ. ನನ್ನ 6,000 ರೂಪಾಯಿ ಹೋಯ್ತು. 9,000ದ ಸಬ್ ಹೋಯ್ತು. ಮರ್ಯಾದೆ ಹೋಗಿದ್ದು ಬೇರೆ. ಅಂಗಡಿ ಹೆಸರು ಹಾಕಲ್ಲ, ಕೇಳ್ಬೇಡಿ.

ಬೆಂಗಳೂರಿಗೆ ಹೋಗು, ಜೆ.ಸಿ. ರೋಡಲ್ಲಿ ನಾಲ್ಕು ಅಂಗಡಿ ವಿಚಾರಿಸು ಅಂತ ಭಾವ ಹೇಳಿದ್ರು. ನಾನೇ ಜಂಬ ಮಾಡಿ, ಇಲ್ಲೇ ತುಮಕೂರಲ್ಲೇ ಮಾಡಿಸ್ತೀನಿ ಅಂದೆ.

12 ಇಂಚಿನ ಸಬ್. ಅದರ ಜೊತೆ ಬಂದ ಚೀಟಿಯಲ್ಲಿ ಕಂಪನಿಯವರೇ ಅಚ್ಚು ಹಾಕಿದ್ರು: ಪೋರ್ಟೆಡ್ ಬಾಕ್ಸಾದರೆ ಒಳಗೆ 2 ಘನ ಅಡಿ, ಟ್ಯೂನಿಂಗ್ (ಬಾಕ್ಸು ಪೈಪು ಸೇರಿ ಮೊಳಗೋ ಸ್ವರ) 33 ಹರ್ಟ್ಝ್. ಚೀಟೀನ ಅಂಗಡಿಯವನ ಕೈಗೇ ಕೊಟ್ಟೆ. ಓದ್ಲೂ ಇಲ್ಲ, ಗಲ್ಲಾಪೆಟ್ಟಿಗೆ ಮೇಲಿಟ್ಟು ಅದರ ಮೇಲೆ ಟೀ ಲೋಟ ಇಟ್ಟ. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಸಾರ್, ಚೀಟಿ ನೋಡಿ ಮಾಡೋರಲ್ಲ ನಾವು." ಅವತ್ತೇ ಎದ್ದು ಬರಬೇಕಿತ್ತು.

ನಾಲ್ಕು ದಿನಕ್ಕೆ ಬಾಕ್ಸ್ ರೆಡಿ. ಮೇಲೆ ಕಪ್ಪು ಕಾರ್ಪೆಟ್, ನೋಡೋಕೆ ಚೆಂದವೇ. ನನ್ನ ಮುಂದೇನೇ ಟೇಪು ಹಿಡಿದ. 24 ಇಂಚು, 16 ಇಂಚು, 9 ಇಂಚು. ಮೊಬೈಲಲ್ಲಿ ಗುಣಿಸಿ ತೋರಿಸಿದ: 3456. ಒಂದು ಘನ ಅಡಿಗೆ 1728 ಘನ ಇಂಚು, ಅದರಿಂದ ಭಾಗಿಸಿದ. ಸರಿಯಾಗಿ 2. "ನೋಡಿ ಸಾರ್, ಪಾಯಿಂಟ್ ಕೂಡ ಆಚೀಚೆ ಇಲ್ಲ." ನಾನೂ ತಲೆಯಾಡಿಸಿದೆ. ಆರು ಸಾವಿರ ಕೊಟ್ಟೆ, 500 ಬಾಕಿ ಇಟ್ಟೆ.

ಮನೆಗೆ ಬರುವಾಗಲೇ ಏನೋ ಸರಿಯಿಲ್ಲ ಅನ್ನಿಸ್ತು. ಹಾಡಿನ ತಳದಲ್ಲಿ ಗುಡುಗು ಇರ್ಬೇಕಲ್ಲ, ಅದೇ ಇಲ್ಲ. ಯಾವ ಹಾಡು ಹಾಕಿದ್ರೂ ಖಾಲಿ ಡ್ರಮ್ಮು ಬಡಿದ ಹಾಗೆ ಒಂದೇ ಡಬ್ ಡಬ್. ಫೋನ್ ಮಾಡಿದೆ. "ಹೊಸ ಸಬ್ಬು ಸಾರ್, ಸೆಟ್ ಆಗ್ಬೇಕು." ಒಂದು ವಾರ ಬಿಟ್ಟು ಮತ್ತೆ ಮಾಡಿದೆ. "ನೀವು ಕೇಳೋ ಹಾಡಲ್ಲೇ ಬೇಸ್ ಇಲ್ಲ ಸಾರ್. ಆಂಪ್ಲಿಫೈಯರ್‌ನಲ್ಲಿ ಬೇಸ್ ಬೂಸ್ಟ್ ಪೂರ್ತಿ ತಿರುಗಿಸಿ." ತಿರುಗಿಸಿದೆ. ಹೌದು, ನಾನೇ ತಿರುಗಿಸಿದೆ. ಮೂರನೇ ದಿನ ಕ್ಯಾತ್ಸಂದ್ರ ದಾಟೋ ಹೊತ್ತಿಗೆ ಟಕ್ ಟಕ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ವಾಯ್ಸ್ ಕಾಯಿಲ್, ಅಂದ್ರೆ ಸಬ್ ಒಳಗಿನ ತಂತಿ ಸುರುಳಿ, ಹೋಗಿತ್ತು.

ರಾತ್ರಿ ಸಬ್ ಬಿಚ್ಚಿ ಬಾಕ್ಸ್ ಒಳಗೆ ಕೈ ಹಾಕಿದೆ. ಸ್ಕ್ರೂ ಜೊತೆ ಹೊಟ್ಟು ಉದುರಿತು. 18 ಎಂಎಂ ಎಂಡಿಎಫ್ (ಮರದ ನಾರು ಗಟ್ಟಿಯಾಗಿ ಒತ್ತಿದ ಹಲಗೆ) ಅಂದಿದ್ದ, ಇದು ಪಾರ್ಟಿಕಲ್ ಬೋರ್ಡು (ಮರದ ಚೂರು ಅಂಟಿಸಿದ ಹಲಗೆ). ಮೂಲೆಗಳಲ್ಲಿ ಸೀಲಂಟ್ ಒಂದು ಹನಿ ಇಲ್ಲ. ಆಮೇಲೆ ಟೇಪು ಒಳಗೆ ಹಿಡಿದೆ. ಹಿಡಿದೋನು ಹಾಗೇ ಕೂತ್ಬಿಟ್ಟೆ. ಆ 2 ಘನ ಅಡಿ ಹೊರಗಿನ ಅಳತೆ! ಹಲಗೆ ದಪ್ಪ ಎರಡೂ ಕಡೆ ಕಳೆದರೆ 1.44. ಸಬ್ಬು, ಪೈಪು ತುಂಬೋ ಜಾಗ ಕಳೆದರೆ 1.3 ಕೂಡ ಕಷ್ಟ. ಲೀಟರಲ್ಲಿ ಹೇಳೋದಾದರೆ 56 ಇರಬೇಕಾದ ಕಡೆ 37. ನಾನು ಹೈಸ್ಕೂಲಲ್ಲಿ ಗಣಿತ ಮೇಷ್ಟ್ರು, ಸ್ವಾಮಿ. ಹಲಗೆ ದಪ್ಪ ಕಳೀದೆ ಘನಫಲ ಬರೆದ ಹುಡುಗರಿಗೆ ಅಂಕ ಕಳೆದೋನು ನಾನು. ಅಂಗಡೀಲಿ ತಲೆಯಾಡಿಸಿದ್ದೂ ನಾನೇ.

ಪೈಪಿನ ಕಥೆ ಇನ್ನೊಂದು. ಖಾಲಿ ಬಾಟ್ಲಿ ಬಾಯಿಗೆ ಊದಿದ್ರೆ ಹೂಂ ಅನ್ನುತ್ತಲ್ಲ, ಪೋರ್ಟೆಡ್ ಬಾಕ್ಸೂ ಅದೇ. ಒಳಗಿನ ಗಾಳಿ ಎಷ್ಟು, ಪೈಪಿನ ಬಾಯಿ ಎಷ್ಟಗಲ, ಉದ್ದ ಎಷ್ಟು, ಈ ಮೂರರ ಮೇಲೆ ಸ್ವರ ನಿಲ್ಲೋದು. ಬಾಕ್ಸ್ ಚಿಕ್ಕದಾದಷ್ಟೂ ಪೈಪು ಉದ್ದ ಆಗ್ಬೇಕು. 33 ಹರ್ಟ್ಝ್ ಬರೋಕೆ 10 ಸೆಂ.ಮೀ. ಬಾಯಿಯ ಪೈಪಿಗೆ 2 ಘನ ಅಡಿಯಲ್ಲಿ 31 ಸೆಂ.ಮೀ. ಉದ್ದ ಸಾಕು. ಈ ಡಬ್ಬಕ್ಕೆ 50 ದಾಟಬೇಕು. ಅವನು ಹಾಕಿದ್ದು 5 ಇಂಚು, ಅಂದ್ರೆ 13 ಸೆಂ.ಮೀ. ಕೂಡ ಇಲ್ಲ! ಲೆಕ್ಕ ಹಾಕಿದ್ರೆ ಟ್ಯೂನಿಂಗ್ 57 ಹರ್ಟ್ಝ್. ಆ ಸ್ವರಕ್ಕಿಂತ ಕೆಳಗಿಳಿದ್ರೆ ಕೋನನ್ನ (ಸಬ್‌ನ ಮುಂದೆ ಅಲುಗಾಡೋ ಬಟ್ಟಲು) ಹಿಡಿದು ನಿಲ್ಲಿಸೋ ಗಾಳಿಯ ಒತ್ತಡ ಇರಲ್ಲ, ಅದು ಹಗ್ಗ ಬಿಚ್ಚಿದ ಕರು ಥರ ಎಗರಾಡುತ್ತೆ. ಅದರ ಮೇಲೆ ಬೇಸ್ ಬೂಸ್ಟ್ ಬೇರೆ! ಸಬ್ ಉಳಿಯೋದು ಹೇಗೆ?

ಬಾಕ್ಸ್ ಹೊತ್ಕೊಂಡು ಅಂಗಡಿಗೆ ಹೋದೆ. "ಎಲ್ಲರೂ ಹೊರಗೇ ಅಳೆಯೋದು ಸಾರ್, ಡಿಕ್ಕಿಗೆ ಹಿಡಿಸ್ಬೇಕಲ್ವಾ?" ಪೈಪು? "ಪೈಪು ಗಾಳಿ ಆಡೋಕೆ ಸಾರ್, ಉದ್ದ ಎಷ್ಟಾದ್ರೇನು." ಸುಟ್ಟ ಸಬ್? "ಡೂಪ್ಲಿಕೇಟ್ ತಗೊಂಡಿದ್ದೀರಾ ಅನ್ಸುತ್ತೆ." ಪಕ್ಕದಲ್ಲಿದ್ದ ಹುಡುಗ ನಕ್ಕ. ಆ ನಗು ಇನ್ನೂ ಕಿವೀಲಿದೆ. ಗಾಳಿ ಆಡೋಕಂತೆ!

ನೀವು ಮಾಡಿಸೋದಾದ್ರೆ ಒಳ ಅಳತೆ, ಪೈಪಿನ ಉದ್ದ, ಹಲಗೆ ಯಾವುದು, ಮೂರನ್ನೂ ಬಿಲ್ಲಲ್ಲಿ ಬರೆಸಿ. ಕಾರ್ಪೆಟ್ ಅಂಟಿಸೋ ಮುಂಚೆ ಹೋಗಿ ನೋಡಿ. ಮೊಬೈಲಲ್ಲಿ ಟೋನ್ ಜನರೇಟರ್ (ಬೇಕಾದ ಹರ್ಟ್ಝ್‌ನ ಸ್ವರ ಹೊರಡಿಸೋ) ಆಪ್ ಹಾಕಿ, ಸೌಂಡ್ ಕಮ್ಮಿ ಇಟ್ಟು 70 ಹರ್ಟ್ಝ್‌ನಿಂದ ಮೆಲ್ಲಗೆ ಕೆಳಗಿಳಿಸ್ತಾ ಬನ್ನಿ. ಕೋನ್ ಎಲ್ಲಿ ಹೆಚ್ಚುಕಮ್ಮಿ ಅಲುಗಾಡದೆ ನಿಂತು ಪೈಪಿಂದ ಗಾಳಿ ಜೋರಾಗಿ ಬರುತ್ತೋ ಅದೇ ಟ್ಯೂನಿಂಗ್. ಇದು ಗೊತ್ತಾದ್ಮೇಲೆ ದುಡ್ಡು. ಬೇಸ್ ಬೂಸ್ಟ್ ಮುಟ್ಟಲೇಬೇಡಿ, ಯಾರು ಹೇಳಿದ್ರೂ.

ನಿನ್ನೆ ರಾತ್ರಿ ಅವನದೇ ವಾಟ್ಸಾಪ್ ಬಂತು. ಕ್ಷಮೆ ಕೇಳ್ತಾನೇನೋ ಅಂತ ತೆಗೆದೆ. "ಸಾರ್, ಆ ಬಾಕಿ 500 ಯಾವಾಗ ಹಾಕ್ತೀರಾ?"