ಮಕ್ಕಳ ಕಪ್ಪು–ಬಿಳುಪು ಭಾವಚಿತ್ರಗಳಿಗೆ ಲೈಟ್‌ರೂಮ್ ಕ್ಲಾಸಿಕ್: ದೀರ್ಘಕಾಲದ ಬಳಕೆಯ ವಿಮರ್ಶೆ

ಅಡೋಬಿ ಸಂಸ್ಥೆಯ ಲೈಟ್‌ರೂಮ್ 2007ರಲ್ಲಿ ಬಿಡುಗಡೆಯಾದ, ಛಾಯಾಚಿತ್ರಗಳನ್ನು ತಿದ್ದುವ ತಂತ್ರಾಂಶ; ಅದರ ಮೂಲ ಡೆಸ್ಕ್‌ಟಾಪ್ ಆವೃತ್ತಿಯನ್ನು 2017ರಿಂದ ಲೈಟ್‌ರೂಮ್ ಕ್ಲಾಸಿಕ್ ಎಂದು ಕರೆಯಲಾಗುತ್ತಿದೆ. ಹಲವು ವರ್ಷಗಳಿಂದ ನಾನು ಇದನ್ನು ಹೆಚ್ಚಾಗಿ ಬಳಸುತ್ತಿರುವುದು ಮಕ್ಕಳ ಭಾವಚಿತ್ರಗಳನ್ನು ಕಪ್ಪು–ಬಿಳುಪಿಗೆ ತರುವುದಕ್ಕೆ, ಮತ್ತು ಈ ವಿಮರ್ಶೆಯೂ ಆ ಕೆಲಸಕ್ಕಷ್ಟೇ ಸಂಬಂಧಿಸಿದ್ದು. ಈ ಕೆಲಸಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಸಾಧನಗಳು ಇದರಲ್ಲಿವೆ. ಮಗುವಿನ ಮುಖಕ್ಕೆ ಅವುಗಳಲ್ಲಿ ಕೆಲವೇ ಸಾಕು, ಆದರೆ ಆ ಕೆಲವು ನಿಜಕ್ಕೂ ಉತ್ತಮವಾಗಿವೆ.

ಬಣ್ಣ ತೆಗೆಯಲು ಸ್ಯಾಚುರೇಶನ್ (ಬಣ್ಣಗಳ ಗಾಢತೆ) ಅನ್ನು ಪೂರ್ತಿ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಯಾವ ಬಣ್ಣ ಎಷ್ಟು ಬೂದುಬಣ್ಣವಾಗಬೇಕು ಎಂಬ ಆಯ್ಕೆ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅದರ ಬದಲು ಕಪ್ಪು–ಬಿಳುಪು ಪ್ರೊಫೈಲನ್ನು (ಚಿತ್ರದ ಛಾಯೆಗಳ ಸಿದ್ಧ ಹೊಂದಿಕೆಯನ್ನು) ಆರಿಸಿಕೊಂಡರೆ, ಒಂದೊಂದು ಬಣ್ಣ ಎಷ್ಟು ಹಗುರ ಅಥವಾ ಗಾಢ ಬೂದಾಗಬೇಕೆಂದು ನಿರ್ಧರಿಸುವ, ಕೆಂಪಿನಿಂದ ಮೆಜೆಂಟಾವರೆಗೆ ಎಂಟು ಸ್ಲೈಡರ್‌ಗಳಿರುವ ಮಿಕ್ಸರ್ ತೆರೆದುಕೊಳ್ಳುತ್ತದೆ. ನಾನು ಸಾಮಾನ್ಯವಾಗಿ ಅಡೋಬಿ ಮೋನೋಕ್ರೋಮ್‌ನಿಂದಲೇ ಆರಂಭಿಸುತ್ತೇನೆ. ಹೆಚ್ಚು ಕಾಂಟ್ರಾಸ್ಟ್ (ಬೆಳಕು–ಕತ್ತಲೆಯ ಅಂತರ) ಇರುವ ಪ್ರೊಫೈಲ್‌ಗಳು ಬೀದಿ, ಕಟ್ಟಡ, ಮೋಡಗಳ ಚಿತ್ರಕ್ಕೆ ಸೊಗಸಾಗಿದ್ದರೂ ಮಗುವಿನ ಮುಖದ ಮೇಲೆ ಗಡುಸಾಗಿ ಕಾಣುತ್ತವೆ.

ಈ ತಂತ್ರಾಂಶದ ನಿಜವಾದ ಬೆಲೆ ತಿಳಿಯುವುದು ಆ ಮಿಕ್ಸರ್‌ನಲ್ಲಿ. ಮನುಷ್ಯರ ಚರ್ಮ, ಬಿಳುಪಾಗಿರಲಿ ಕಪ್ಪಾಗಿರಲಿ, ಬಹುತೇಕ ಕಿತ್ತಳೆ ಮತ್ತು ಕೆಂಪಿನ ವ್ಯಾಪ್ತಿಯಲ್ಲೇ ಬರುವುದರಿಂದ ಮುಖಕ್ಕೆ ಮುಖ್ಯವಾದವು ಈ ಎರಡು ಸ್ಲೈಡರ್‌ಗಳು. ಕಿತ್ತಳೆಯನ್ನು ತುಸು ಏರಿಸಿದರೆ ಕೆನ್ನೆ ಹಗುರಾಗಿ ಬೆಳಗುತ್ತದೆ. ಕೆಂಪನ್ನು ತುಸು ಇಳಿಸಿದರೆ ತುಟಿಯ ಅಂಚು ಚರ್ಮದಿಂದ ಬೇರೆಯಾಗಿ ಕಾಣುತ್ತದೆ. ನಾನು ಎರಡೂ ಕಡೆ ಹತ್ತು–ಹದಿನೈದರ ಆಚೆ ಹೋಗುವುದು ಅಪರೂಪ. ಕೆಂಪು ಅದಕ್ಕಿಂತ ಕೆಳಗಿಳಿದರೆ ತುಟಿಗೆ ಬಣ್ಣ ಬಳಿದಂತಾಗುತ್ತದೆ, ಮೂಗಿನ ತುದಿಯ ಮತ್ತು ಕೆನ್ನೆಯ ಸಹಜ ಕೆಂಪು ಕಲೆಯಂತೆ ಎದ್ದು ಬರುತ್ತದೆ. ಕೆಂಪು ಬೆಳಕಿಗೆ ಸ್ಪಂದಿಸದ ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗಳಲ್ಲಿ ತುಟಿ ಕಪ್ಪಾಗಿ, ಚರ್ಮದ ಚುಕ್ಕೆಗಳು ಗಾಢವಾಗಿ ಮೂಡುತ್ತಿದ್ದುದೂ ಇದೇ ಕಾರಣದಿಂದ. ಪಕ್ಕಪಕ್ಕದ ಎರಡು ಬಣ್ಣಗಳನ್ನು ವಿರುದ್ಧ ದಿಕ್ಕಿನಲ್ಲಿ ಬಹಳ ದೂರ ಎಳೆದರೆ ಅವು ಸೇರುವಲ್ಲಿ ಗೆರೆ ಬಿದ್ದಂತಾಗುವುದನ್ನೂ, ನುಣುಪಾದ ಜಾಗದಲ್ಲಿ ನಾಯ್ಸ್ (ಚುಕ್ಕೆಚುಕ್ಕೆಯ ಒರಟುತನ) ಎದ್ದೇಳುವುದನ್ನೂ ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ನೋಡಿದಾಗ ಗುರುತಿಸಬಹುದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ಕಿತ್ತಳೆ ಸ್ಲೈಡರನ್ನು ಮನಸೋ ಇಚ್ಛೆ ಏರಿಸಿದರೆ ಕಪ್ಪು ಮೈಬಣ್ಣದ ಮಗು ಬೆಳ್ಳಗಾಗಿಬಿಡುತ್ತದೆ, ಬಣ್ಣವೇ ಇಲ್ಲದ ಚಿತ್ರವಾದ್ದರಿಂದ ಅದು ಯಾರ ಗಮನಕ್ಕೂ ಬರದೆ ಹೋಗಬಹುದು. ನನ್ನ ದೃಷ್ಟಿಯಲ್ಲಿ ಅತಿಯಾದ ಎಡಿಟಿಂಗ್‌ನ ಬಗೆಗಳಲ್ಲೆಲ್ಲ ತೀರಾ ಕೆಟ್ಟದ್ದು ಇದೇ. ಮುಖ ನಿಜವಾಗಿಯೂ ಕತ್ತಲಲ್ಲಿದ್ದರೆ ಎಕ್ಸ್‌ಪೋಶರನ್ನು (ಚಿತ್ರದ ಒಟ್ಟು ಬೆಳಕನ್ನು) ಮೊದಲು, ಬಣ್ಣದ ಚಿತ್ರದಲ್ಲೇ, ಸರಿಪಡಿಸಿಕೊಂಡು ಆಮೇಲೆ ಕಪ್ಪು–ಬಿಳುಪಿಗೆ ಬರುವುದು ಒಳ್ಳೆಯದು. ಕೀಬೋರ್ಡಿನ ವಿ ಕೀಲಿಯನ್ನು ಒತ್ತಿದರೆ ಎರಡೂ ರೂಪಗಳ ನಡುವೆ ಕ್ಷಣಾರ್ಧದಲ್ಲಿ ಓಡಾಡಬಹುದು. ಮಗುವಿನ ಚರ್ಮ ಎರಡರಲ್ಲೂ ಅದೇ ಮಗುವಿನದಾಗಿ ಕಾಣುತ್ತಿದೆಯೇ ಎಂದು ನಾನು ಹೀಗೆಯೇ ಪರೀಕ್ಷಿಸಿಕೊಳ್ಳುತ್ತೇನೆ.

ಕ್ಲಾರಿಟಿ ಸ್ಲೈಡರ್ ಮಧ್ಯಮ ಛಾಯೆಗಳಲ್ಲಿ ಸ್ಥಳೀಯ ಕಾಂಟ್ರಾಸ್ಟನ್ನು, ಎಂದರೆ ಅಕ್ಕಪಕ್ಕದ ಛಾಯೆಗಳ ಅಂತರವನ್ನು, ಹೆಚ್ಚಿಸುತ್ತದೆ. ವಯಸ್ಸಾದವರ ಮುಖಕ್ಕೆ ಗಾಂಭೀರ್ಯ ಕೊಡುವ ಅದೇ ಸಾಧನ ಮಗುವಿನ ಕಣ್ಣ ಕೆಳಗೆ ದಣಿವಿನ ನೆರಳನ್ನು ತಂದಿಡುತ್ತದೆ. ಸುಕ್ಕುಗಳಿಲ್ಲದ ಮುಖಕ್ಕೆ ಆಕಾರ ಬರುವುದೇ ಕೆನ್ನೆಯಿಂದ ಕಿವಿಯ ಕಡೆಗೆ ಬೆಳಕು ನಿಧಾನವಾಗಿ ಕರಗುತ್ತಾ ಹೋಗುವುದರಿಂದ; ಕ್ಲಾರಿಟಿ ಆ ಕರಗುವಿಕೆಯನ್ನೇ ಒಡೆಯುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಾಗ ಕೆನ್ನೆಯ ಅಂಚಿನಲ್ಲಿ ಹೊಳೆಯುವ ನವಿರು ರೋಮವನ್ನೇ ನೋಡಿ: ಮೂಲ ಚಿತ್ರದಲ್ಲಿ ಅದು ತೆಳುವಾದ ಬೆಳಕಿನ ಅಂಚಿನಂತಿರುತ್ತದೆ, ಕ್ಲಾರಿಟಿ ಮೂವತ್ತಕ್ಕೆ ಏರುವಷ್ಟರಲ್ಲಿ ಮರಳಿನ ಪುಡಿ ಅಂಟಿದಂತಾಗುತ್ತದೆ. ಹಾಗೆಂದು ಅದನ್ನು ಸೊನ್ನೆಗಿಂತ ಬಹಳ ಕೆಳಕ್ಕೆ ಎಳೆದರೆ ಚರ್ಮ ಮೇಣದಂತೆ ಕಾಣುತ್ತದೆ. 2019ರಲ್ಲಿ ಸೇರಿದ ಟೆಕ್ಸ್ಚರ್ ಸ್ಲೈಡರ್ ಇದಕ್ಕಿಂತ ಸೌಮ್ಯವಾದದ್ದು, ಆದರೂ ಅದನ್ನು ನಾನು ಕೂದಲು, ರೆಪ್ಪೆ ಮತ್ತು ಉಣ್ಣೆಯ ಬಟ್ಟೆಗಷ್ಟೇ ಬಳಸುತ್ತೇನೆ.

ಅದು ಸಾಧ್ಯವಾಗುವುದು ಚಿತ್ರದ ಬೇಕಾದ ಭಾಗವನ್ನಷ್ಟೇ ಆರಿಸಿಕೊಳ್ಳುವ ಮಾಸ್ಕ್‌ಗಳಿಂದ. 2022ರಲ್ಲಿ ಬಂದ ಸೌಲಭ್ಯದಲ್ಲಿ ತಂತ್ರಾಂಶವೇ ವ್ಯಕ್ತಿಯನ್ನು ಗುರುತಿಸಿ ಮುಖದ ಚರ್ಮ, ಹುಬ್ಬು, ಕಣ್ಣಿನ ಬಿಳಿಭಾಗ, ಪಾಪೆ, ತುಟಿ, ಹಲ್ಲು, ಕೂದಲುಗಳನ್ನು ಬೇರೆಬೇರೆಯಾಗಿ ಆರಿಸಿಕೊಡುತ್ತದೆ. ಹಣೆಯ ಮೇಲೆ ಹಾರಾಡುವ ಎಳೆಗೂದಲಿನಲ್ಲಿ ಈ ಆಯ್ಕೆ ಆಗಾಗ ಅಂಚು ತಪ್ಪುವುದರಿಂದ ಓ ಕೀಲಿಯೊತ್ತಿ ಮಾಸ್ಕನ್ನು ಕಣ್ಣಾರೆ ನೋಡಿಕೊಳ್ಳುವುದು ಅಗತ್ಯ. ಕಣ್ಣಿನ ಬಿಳಿಭಾಗವನ್ನು ನಾನು ಮುಟ್ಟುವುದೇ ಇಲ್ಲ. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುವುದರಿಂದಲೇ ಕಣ್ಣು ಗುಂಡಗಿದೆ ಎಂದು ನಮಗೆ ತೋರುವುದು. ಆ ನೆರಳನ್ನು ಅಳಿಸಿ ಬೆಳ್ಳಗೆ ಮಾಡಿದರೆ ಕಣ್ಣು ಮುಖದಿಂದ ಕಳಚಿಕೊಂಡಂತೆ ಕಾಣುತ್ತದೆ. ಪಾಪೆಗೆ ಎಕ್ಸ್‌ಪೋಶರಿನ ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು) ಕೊಟ್ಟರೆ ಧಾರಾಳವಾಯಿತು, ಅದೂ ಕಣ್ಣಿನಲ್ಲಿ ಕಿಟಕಿಯದೋ ಆಕಾಶದ್ದೋ ಪ್ರತಿಫಲನ ಮೊದಲೇ ಇದ್ದಾಗ ಮಾತ್ರ. ಇಲ್ಲದ ಮಿಂಚನ್ನು ಎಡಿಟಿಂಗ್‌ನಲ್ಲಿ ಸೃಷ್ಟಿಸಲು ಹೊರಟರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಮೂಗಿನ ಸಿಂಬಳ, ಬಾಯಿಯಂಚಿನ ಅನ್ನದಗುಳುಗಳನ್ನು ಹೀಲಿಂಗ್ ಸಾಧನದಿಂದ ಧಾರಾಳವಾಗಿ ತೆಗೆಯಿರಿ. ಮಚ್ಚೆಯನ್ನೂ ಹಳೆಯ ಗಾಯದ ಗುರುತನ್ನೂ ಬಿಟ್ಟುಬಿಡಿ.

ಗ್ರೇನ್ (ಫಿಲ್ಮಿನಂಥ ಕಣಗಳು) ಮತ್ತು ವಿನ್ಯೆಟ್ (ಚಿತ್ರದ ಅಂಚುಗಳನ್ನು ಕಪ್ಪಾಗಿಸುವುದು) ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ, ಎರಡೂ ಇದ್ದದ್ದು ತಿಳಿಯದಷ್ಟೇ ಇರಬೇಕು.

ದೀರ್ಘಕಾಲದ ಬಳಕೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಮೂಲ ಫೈಲಿನ ಚಿತ್ರಾಂಶಗಳನ್ನು ಈ ತಂತ್ರಾಂಶ ಎಂದೂ ಬದಲಿಸುವುದಿಲ್ಲ ಎಂಬುದು. ಮಾಡಿದ್ದೆಲ್ಲ ಸೂಚನೆಗಳಾಗಿ ಮಾತ್ರ ಉಳಿಯುವುದರಿಂದ ಒಂದೇ ಚಿತ್ರಕ್ಕೆ ವರ್ಚುವಲ್ ಕಾಪಿ (ಫೈಲನ್ನು ನಕಲಿಸದೆ ಇನ್ನೊಂದು ತಿದ್ದುಪಡಿಯ ರೂಪ) ಮಾಡಿಕೊಂಡು, ಮರುದಿನ ಕಣ್ಣು ತಣಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಆಗ ಸ್ಲೈಡರ್‌ಗಳು ಕೆಳಗೇ ಇಳಿಯುತ್ತವೆ. ಕೊಳ್ಳುವ ಮುನ್ನ ಯೋಚಿಸಬೇಕಾದ ಒಂದಂಶವೂ ಇದೆ: ಇದು ಚಂದಾ ಆಧಾರದ ಮೇಲಷ್ಟೇ ದೊರೆಯುತ್ತದೆ, ಚಂದಾ ಮುಗಿದರೆ ಚಿತ್ರಗಳನ್ನು ನೋಡಬಹುದು, ರಫ್ತು ಮಾಡಬಹುದು, ಆದರೆ ಈ ತಿದ್ದುಪಡಿಗಳನ್ನು ಮಾಡುವ ಡೆವಲಪ್ ವಿಭಾಗ ಮುಚ್ಚಿಕೊಳ್ಳುತ್ತದೆ. ವರ್ಷಕ್ಕೆ ಒಂದೆರಡು ಚಿತ್ರಗಳನ್ನಷ್ಟೇ ತಿದ್ದುವವರಿಗೆ ಇದನ್ನು ನಾನು ಸೂಚಿಸಲಾರೆ. ರಾ ಫೈಲ್‌ಗಳಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ರೂಪದಲ್ಲಿ) ನಿಯಮಿತವಾಗಿ ಮಕ್ಕಳ ಚಿತ್ರ ತೆಗೆಯುವವರು ಮಿಕ್ಸರ್ ಒಂದಕ್ಕಾಗಿಯಾದರೂ ಇದನ್ನು ಬಳಸಿ ನೋಡಬೇಕು.