ಪೆರಿಸ್ಸಾ ಕಡಲ ರಸ್ತೆಯ ಏಷ್ಯನ್ ರೆಸ್ಟೋರೆಂಟ್: ವೋಕ್ ಅಡುಗೆಗೆ ಹೋಗಿ, ಸೂಶಿ ಬಿಡಿ

ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಪೆರಿಸ್ಸಾದಲ್ಲಿ ಕಡಲ ರಸ್ತೆಯ ಒಂದು ಬದಿಗೆ ಕಪ್ಪು ಮರಳು, ಕೊಡೆ, ಒರಗುಮಂಚ. ಇನ್ನೊಂದು ಬದಿಗೆ ಸಾಲು ಟವೆರ್ನಾಗಳು, ಅಂದರೆ ಗ್ರೀಕ್ ಊಟದ ಹೋಟೆಲುಗಳು. ಅವುಗಳ ಮೆನು ಹೆಚ್ಚುಕಡಿಮೆ ಒಂದೇ: ಮುಸಾಕಾ, ಸೂವ್ಲಾಕಿ, ಫೆಟಾ ಹಾಕಿದ ಸಲಾಡ್, ಕೆಂಡದ ಮೇಲೆ ಸುಟ್ಟ ಆಕ್ಟೋಪಸ್. ಮೊದಲೆರಡು ದಿನ ಸೊಗಸು. ಆಮೇಲೆ ನಾಲಿಗೆ ಖಾರ ಬೇಡುತ್ತದೆ, ಹೊಟ್ಟೆ ಅನ್ನ ಬೇಡುತ್ತದೆ. ಈ ಸಾಲಿನಲ್ಲಿ ಏಷ್ಯನ್ ರೆಸ್ಟೋರೆಂಟ್ ಬದುಕಿರುವುದೇ ಆ ಬೇಡಿಕೆಯಿಂದ. ಇಲ್ಲಿ ವಿಮರ್ಶಿಸಿರುವ ಜಾಗದ ಹೆಸರು ಹಾಕಿಲ್ಲ. ದ್ವೀಪದ ಅಡುಗೆಮನೆಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗಿನ ಸೀಸನ್ ನೆಚ್ಚಿಕೊಂಡವು, ಅಡುಗೆಯವರು ವರ್ಷವರ್ಷ ಬದಲಾಗುತ್ತಾರೆ. ಬದಲಾಗದಿರುವುದು ಅಡುಗೆಮನೆಯ ಮಿತಿಗಳು. ಏನು ಆರ್ಡರ್ ಮಾಡಬೇಕು ಅನ್ನುವುದನ್ನು ಅವೇ ತೀರ್ಮಾನಿಸುತ್ತವೆ.

ಮೆನು ತೀರಾ ಉದ್ದ. ಥಾಯ್, ಚೈನೀಸ್, ಜಪಾನೀಸ್ ಎಲ್ಲ ಸೇರಿ ಎಂಬತ್ತು ದಾಟುತ್ತದೆ, ಕೊನೆಯ ಪುಟದಲ್ಲಿ ಬಟರ್ ಚಿಕನ್ ಕೂಡ ಇಣುಕುತ್ತದೆ. ಒಳಗಿರುವುದು ಎರಡೇ ವೋಕ್ (ಚೀನೀ ಬಾಣಲೆ) ಒಲೆ. ದ್ವೀಪದಲ್ಲಿ ಪೈಪ್ ಗ್ಯಾಸ್ ಇಲ್ಲ, ಒಲೆ ಉರಿಯುವುದು ಎಲ್‌ಪಿಜಿ ಸಿಲಿಂಡರ್‌ನಲ್ಲಿ. ಉರಿಗೇನೂ ಕೊರತೆಯಿಲ್ಲ, ಹೊಗೆಯ ಆ ಘಮ ತಟ್ಟೆಗೆ ಬರುತ್ತದೆ. ಕೊರತೆ ಇರುವುದು ಜಾಗಕ್ಕೆ. ಒಂದು ವೋಕ್‌ನಲ್ಲಿ ಒಮ್ಮೆಗೆ ಇಬ್ಬರಿಗಾಗುವಷ್ಟನ್ನು ಮಾತ್ರ ಸರಿಯಾಗಿ ಹುರಿಯಬಹುದು. ನಾಲ್ಕು ಪ್ಲೇಟಿನಷ್ಟು ಸುರಿದರೆ ಬಾಣಲೆಯ ಕಾವು ಇಳಿಯುತ್ತದೆ, ತರಕಾರಿ ನೀರು ಬಿಡುತ್ತದೆ, ನೂಡಲ್ಸ್ ಹುರಿಯುವ ಬದಲು ಬೇಯುತ್ತದೆ. ತಟ್ಟೆಯ ತಳದಲ್ಲಿ ಕಂದು ನೀರು ನಿಂತಿದ್ದರೆ ಹೀಗಾಗಿದೆ ಎಂದು ತಿಳಿಯಿರಿ.

ಹಾಗಾಗಿ ಹೊತ್ತು ನೋಡಿ ಹೋಗುವುದು ಮುಖ್ಯ. ಗ್ರೀಕರು ರಾತ್ರಿಯೂಟಕ್ಕೆ ಕೂರುವುದೇ ಒಂಬತ್ತರ ಮೇಲೆ. ಪೆರಿಸ್ಸಾ ಇರುವುದು ದ್ವೀಪದ ಆಗ್ನೇಯ ತೀರದಲ್ಲಿ, ಸೂರ್ಯ ಕಡಲಿಗಿಳಿಯುವ ನೋಟ ಇಲ್ಲಿಂದ ಸಿಗುವುದಿಲ್ಲ. ಆ ಹೊತ್ತಿಗೆ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಇಯಾ ಕಡೆಯ ಬಂಡೆಯಂಚಿನಲ್ಲಿ ಮೊಬೈಲ್ ಎತ್ತಿ ನಿಂತಿರುತ್ತಾರೆ. ಏಳರಿಂದ ಎಂಟೂವರೆಯೊಳಗೆ ಇಲ್ಲಿ ಕೂತರೆ ಆರ್ಡರ್ ಹದಿನೈದು ನಿಮಿಷದಲ್ಲಿ ಬರುತ್ತದೆ, ಪ್ರತಿ ಪ್ಲೇಟನ್ನೂ ಬೇರೆಬೇರೆಯಾಗಿ ಹುರಿದಿರುತ್ತಾರೆ. ಒಂಬತ್ತೂವರೆಗೆ ಹೋದರೆ ಅದೇ ಪ್ಲೇಟಿಗೆ ನಲವತ್ತು ನಿಮಿಷ, ಮೇಲೆ ಆ ಕಂದು ನೀರು.

ಮೊದಲು ತರಿಸಬೇಕಾದದ್ದು ಉಪ್ಪು-ಮೆಣಸಿನ ಸ್ಕ್ವಿಡ್, ಅಂದರೆ ನಮ್ಮ ಬೊಂಡಾಸ್. ಬೆಲೆ 14 ಯೂರೋ. ಉಂಗುರ ಕತ್ತರಿಸದೆ ಚಪ್ಪಟೆ ಬಿಡಿಸಿ, ಒಳಮೈಗೆ ಓರೆ ಗೀರು ಹಾಕಿ, ಒಣ ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ ಕರಿಯುತ್ತಾರೆ. ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂದೂವರೆ ನಿಮಿಷ ಸಾಕು. ಎರಡೂವರೆ ದಾಟಿದರೆ ರಬ್ಬರು. ಆಮೇಲೆ ಬೆಳ್ಳುಳ್ಳಿ, ಹಸಿಮೆಣಸು, ಈರುಳ್ಳಿ ಸೊಪ್ಪಿನ ಜತೆ ಬಿಸಿ ವೋಕ್‌ನಲ್ಲಿ ಎರಡು ಸಲ ಎಗರಿಸಿ ತಟ್ಟೆಗೆ. ಗೀರು ಬಿದ್ದ ಕಡೆ ತುಂಡು ಸುರುಳಿ ಸುತ್ತಿಕೊಂಡಿರುತ್ತದೆ, ಬೆಳ್ಳುಳ್ಳಿ ಚೂರು ಆ ಸಂದುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಕಡಲ ಗಾಳಿಯ ತೇವಕ್ಕೆ ಗರಿಗರಿ ಐದು ನಿಮಿಷವೂ ನಿಲ್ಲದು, ಫೋಟೋ ಆಮೇಲೆ. ಮೆನುವಿನಲ್ಲಿ ಇದರ ಪಕ್ಕ ನಕ್ಷತ್ರ ಚಿಹ್ನೆ ಇದೆ, ಫ್ರೋಜನ್ ಎಂದರ್ಥ. ಗ್ರೀಸಿನಲ್ಲಿ ಫ್ರೋಜನ್ ಪದಾರ್ಥವನ್ನು ಮೆನುವಿನಲ್ಲಿ ಗುರುತು ಹಾಕಿ ಹೇಳಬೇಕೆಂಬ ನಿಯಮವಿದೆ. ಸ್ಕ್ವಿಡ್ ವಿಷಯದಲ್ಲಿ ಅದಕ್ಕೆ ಹೆದರಬೇಕಿಲ್ಲ, ಹೆಪ್ಪುಗಟ್ಟಿ ಕರಗಿದಾಗ ಅದರ ನಾರು ಸಡಿಲಗೊಂಡು ಮೆತ್ತಗಾಗುತ್ತದೆ.

ಎರಡನೆಯದು ಬೆಳ್ಳುಳ್ಳಿ ಸಾಸ್‌ನ ಬದನೆ, 12 ಯೂರೋ. ಇಡೀ ಮೆನುವಿನಲ್ಲಿ ಊರಿನ ಮಣ್ಣಿಗೂ ಅಡುಗೆಮನೆಗೂ ನಿಜವಾಗಿ ಸಂಬಂಧ ಕೂಡಿಬಂದಿರುವುದು ಇದೊಂದರಲ್ಲಿ. ಸ್ಯಾಂಟೊರಿನಿಯಲ್ಲಿ ಬಿಳಿ ಬದನೆ ಬೆಳೆಯುತ್ತಾರೆ. ಬೀಜ ಕಡಿಮೆ, ಕಹಿ ಇಲ್ಲ, ತಿರುಳು ಸಿಹಿ. ಬೇಸಿಗೆಯಲ್ಲಿ ಇಲ್ಲಿ ಅದನ್ನೇ ಬಳಸುತ್ತಾರೆ. ಬೆರಳುದ್ದ ಸೀಳಿ, ಮೊದಲು ಎಣ್ಣೆಯಲ್ಲಿ ಬಾಡಿಸಿ, ಸೋಯಾ, ವಿನೆಗರ್, ಚೂರು ಸಕ್ಕರೆ, ಮೆಣಸಿನ ಪೇಸ್ಟ್ ಹಾಕಿ ಮುಗಿಸುತ್ತಾರೆ. ಆರ್ಡರ್ ಮಾಡುವಾಗ ಬಿಳಿ ಬದನೆಯೇ ಎಂದು ಕೇಳಿಕೊಳ್ಳಿ. ನೇರಳೆ ಬದನೆಯಾದರೆ ಎಣ್ಣೆ ಕುಡಿದು ಭಾರವಾಗಿರುತ್ತದೆ.

ಮೂರನೆಯದು ಹಬೆಯಲ್ಲಿ ಬೇಯಿಸಿದ ಇಡೀ ಸೀ ಬಾಸ್, ಗ್ರೀಕರ ಲವ್ರಾಕಿ. ಬೆಲೆ 24 ಯೂರೋ, ಇಬ್ಬರಿಗೆ ಸಾಕು. ಗ್ರೀಸ್ ಈ ಮೀನನ್ನು ಕಡಲ ಬಲೆಮನೆಗಳಲ್ಲಿ ಭಾರೀ ಪ್ರಮಾಣದಲ್ಲಿ ಸಾಕುತ್ತದೆ. ತಟ್ಟೆಯ ಗಾತ್ರದ ಅರ್ಧ ಕಿಲೋ ಮೀನು ವರ್ಷವಿಡೀ ಸಿಗುತ್ತದೆ. ಹತ್ತು-ಹನ್ನೆರಡು ನಿಮಿಷ ಹಬೆ, ಮೇಲೆ ಶುಂಠಿ ಎಳೆ, ಈರುಳ್ಳಿ ಸೊಪ್ಪು, ಸೋಯಾ, ಕೊನೆಗೆ ಚೊಂಯ್ ಎನ್ನುವ ಕಾದ ಎಣ್ಣೆ. ಬೆನ್ನುಮೂಳೆಯ ಪಕ್ಕದ ಮಾಂಸ ಚಮಚಕ್ಕೆ ಸ್ವಲ್ಪವೇ ತಡೆದು ಬಿಟ್ಟುಕೊಡಬೇಕು. ಪುಡಿಪುಡಿಯಾಗಿ ಉದುರಿದರೆ ಹೆಚ್ಚು ಬೆಂದಿದೆ. ಪಕ್ಕದ ಟವೆರ್ನಾಗಳಲ್ಲಿ ತಾಜಾ ಮೀನಿಗೆ ಕಿಲೋ ಲೆಕ್ಕದಲ್ಲಿ ಬೆಲೆ, ತೂಕ ನೋಡದೆ ಹೂಂ ಅಂದರೆ ಬಿಲ್ಲು ಬಂದಾಗ ಕಣ್ಣರಳುತ್ತದೆ. ಇಲ್ಲಿ ಒಂದು ಮೀನಿಗೆ ಒಂದು ಬೆಲೆ, ಆ ತಂಟೆಯಿಲ್ಲ.

ಪ್ಯಾಡ್ ಥಾಯ್ ನಿರಾಸೆ. 15 ಯೂರೋ ಕೊಟ್ಟು ಹುಣಸೆ ಹುಳಿಯ ನಿರೀಕ್ಷೆಯಲ್ಲಿ ಕೂತವರಿಗೆ ಬರುವುದು ಕಿತ್ತಳೆ ಬಣ್ಣದ ಸಿಹಿ ನೂಡಲ್ಸ್. ಹುಳಿಯ ಮೂಲ ಕೆಚಪ್ ಎಂದು ಬಣ್ಣವೇ ಸಾರುತ್ತದೆ. ಅಕ್ಕಿ ನೂಡಲ್ಸನ್ನು ತಣ್ಣೀರಿನಲ್ಲಿ ಅರ್ಧ ಗಂಟೆಗೂ ಮಿಕ್ಕಿ ನೆನೆಸಿ, ಬಾಗುವಷ್ಟಾದಾಗ ವೋಕ್‌ಗೆ ಹಾಕಿ ಸಾಸ್‌ನಲ್ಲೇ ಬೇಯಿಸಬೇಕು. ಇಲ್ಲಿ ಮೊದಲೇ ಕುದಿಸಿ ಇಟ್ಟಿರುತ್ತಾರೆ, ಅದಕ್ಕೇ ಮುದ್ದೆಮುದ್ದೆ. ಅಂಚಿಗೆ ಇಡುವುದು ಹಳದಿ ಲೆಮನ್, ಸಣ್ಣ ಹಸಿರು ನಿಂಬೆಯಲ್ಲ. ಲೆಮನ್ ದೇಶದ ತುಂಬ ಬೆಳೆಯುತ್ತದೆ, ಹಸಿರು ನಿಂಬೆ ದುಬಾರಿ, ಕಾರಣ ಅರ್ಥವಾಗುವಂಥದ್ದೇ. ಆದರೂ ರುಚಿ ಬೇರೆಯೇ. ನೂಡಲ್ಸೇ ಬೇಕೆಂದರೆ ಸೋಯಾ ಹಾಕಿ ಹುರಿದ ಅಗಲ ನೂಡಲ್ಸ್ ತರಿಸಿ. ಅದಕ್ಕೆ ಬೇಕಾದದ್ದು ಉರಿಯೊಂದೇ, ಉರಿ ಇವರ ಬಳಿ ಇದೆ.

ಹಸಿರು ಕರಿಗೆ ಪಾಸ್ ಮಾರ್ಕು. ಡಬ್ಬದ ಪೇಸ್ಟ್, ಡಬ್ಬದ ತೆಂಗಿನ ಹಾಲು. ಹಾಲಿನ ಗಟ್ಟಿಭಾಗವನ್ನು ಎಣ್ಣೆ ಬಿಡುವವರೆಗೆ ಕಾಯಿಸಿ ಅದರಲ್ಲಿ ಪೇಸ್ಟ್ ಹುರಿಯುವ ಸಹನೆ ತೋರಿಸಿಲ್ಲ, ಹಾಗಾಗಿ ಮೇಲೆ ಹಸಿರೆಣ್ಣೆಯ ಹನಿ ಕಾಣುವುದಿಲ್ಲ. ಥಾಯ್ ಬೇಸಿಲ್ ಬದಲು ಇಟಲಿಯ ಬೇಸಿಲ್, ಕೊತ್ತಂಬರಿ ಬದಲು ಪಾರ್ಸ್ಲಿ. ಗ್ರೀಕ್ ಅಡುಗೆಯಲ್ಲಿ ಕೊತ್ತಂಬರಿ ಸೊಪ್ಪಿನ ಬಳಕೆ ಬಹಳ ಕಡಿಮೆ, ದ್ವೀಪದ ತರಕಾರಿ ಅಂಗಡಿಯಲ್ಲಿ ದಿನಾ ಸಿಗುವ ಭರವಸೆಯಿಲ್ಲ. ಖಾರವೂ ಸಪ್ಪೆ. ಮೂರು ಮೆಣಸಿನಕಾಯಿ ಚಿತ್ರವಿರುವ ಪದಾರ್ಥ ನಮ್ಮವರ ನಾಲಿಗೆಗೆ ಒಂದರಷ್ಟೇ. ಫಿಶ್ ಸಾಸ್‌ನಲ್ಲಿ ನೆನೆಸಿದ ಹಸಿಮೆಣಸಿನ ಚೂರು ಬೇರೆ ಬಟ್ಟಲಲ್ಲಿ ಕೇಳಿ, ಕೊಡುತ್ತಾರೆ.

ಸೂಶಿ ಪುಟ ತೆರೆಯದಿದ್ದರೂ ನಷ್ಟವಿಲ್ಲ. ಮೀನು ಫ್ರೋಜನ್ ಅನ್ನುವುದಕ್ಕಲ್ಲ. ಹಸಿಯಾಗಿ ಬಡಿಸುವ ಮೀನನ್ನು ಪರಾವಲಂಬಿ ಹುಳುಗಳ ಭಯದಿಂದ ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಹೆಪ್ಪುಗಟ್ಟಿಸಬೇಕೆಂದು ಯುರೋಪಿಯನ್ ಒಕ್ಕೂಟದ ನಿಯಮವೇ ಹೇಳುತ್ತದೆ. ಸಾಕಿದ ಕೆಲವು ಮೀನಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಕೆಟ್ಟಿರುವುದು ಅನ್ನ. ಮಧ್ಯಾಹ್ನವೇ ಸುತ್ತಿ ಫ್ರಿಜ್‌ನಲ್ಲಿಟ್ಟ ರೋಲ್‌ನ ಅನ್ನ ರಾತ್ರಿಗೆ ಗಟ್ಟಿಯಾಗಿ ಕಾಳುಕಾಳಾಗುತ್ತದೆ, ಕಡಲಪಾಚಿ ಹಾಳೆ ತೇವ ಹೀರಿ ಹಲ್ಲಿಗೆ ಜಗ್ಗುತ್ತದೆ. ಎಂಟು ತುಂಡಿಗೆ 13 ಯೂರೋ ಕೊಡುವಂಥದ್ದೇನೂ ಅದರಲ್ಲಿಲ್ಲ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ತಲೆ ತಿನ್ನಲೇಬೇಕು. ತರಕಾರಿ ಪದಾರ್ಥ ಅಂದ ಮಾತ್ರಕ್ಕೆ ಒಳಗೇನಿಲ್ಲ ಅಂತಲ್ಲ: ಚೈನೀಸ್ ತರಕಾರಿಯಲ್ಲಿ ಆಯ್ಸ್ಟರ್ ಸಾಸ್, ಥಾಯ್ ಪದಾರ್ಥದಲ್ಲಿ ಫಿಶ್ ಸಾಸ್, ಕರಿ ಪೇಸ್ಟಿನಲ್ಲೇ ಸಿಗಡಿ ಪೇಸ್ಟ್, ಸೂಪಿನಲ್ಲಿ ಕೋಳಿ ಸ್ಟಾಕ್, ಫ್ರೈಡ್ ರೈಸ್‌ನಲ್ಲಿ ಮೊಟ್ಟೆ. ಒಂದೊಂದನ್ನೂ ಹೆಸರು ಹೇಳಿ ಕೇಳಿ, ‘ವೆಜ್’ ಅಂದರೆ ಸಾಲದು. ಗ್ರೀಸಿನ ಕೆಲವು ಮೆನುಗಳಲ್ಲಿ ಕಾಣುವ ‘ನಿಸ್ತಿಸಿಮೊ’ ಗುರುತನ್ನು ನಂಬಬೇಡಿ. ಅದು ಆರ್ಥೊಡಾಕ್ಸ್ ಉಪವಾಸದ ಊಟ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸಿಗಡಿ, ಸ್ಕ್ವಿಡ್, ಆಕ್ಟೋಪಸ್‌ಗೆ ಅಡ್ಡಿಯಿಲ್ಲ. ಕರಿಯುವ ಎಣ್ಣೆಯೂ ಒಂದೇ. ಸ್ಪ್ರಿಂಗ್ ರೋಲ್ ಮುಳುಗುವುದು ಸ್ಕ್ವಿಡ್ ಮುಳುಗಿದ ಸೂರ್ಯಕಾಂತಿ ಎಣ್ಣೆಯಲ್ಲೇ. ಶೇಂಗಾ, ಎಳ್ಳು, ಸೋಯಾ, ಸಿಗಡಿಯ ಅಲರ್ಜಿ ಇದ್ದವರು ಪಟ್ಟಿ ಕೇಳಲು ಹಿಂಜರಿಯಬೇಕಿಲ್ಲ. 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡುವುದು ಒಕ್ಕೂಟದ ಎಲ್ಲ ದೇಶಗಳಲ್ಲೂ ಕಡ್ಡಾಯ.

ಕುಡಿಯಲು ದ್ವೀಪದ ಅಸಿರ್ಟಿಕೊ ಬಿಳಿ ವೈನ್ ಗ್ಲಾಸಿಗೆ 8 ಯೂರೋ. ಹುಳಿ ಚುರುಕಾಗಿದೆ, ಸಿಹಿ ಇಲ್ಲ. ಕರಿದ ಸ್ಕ್ವಿಡ್‌ಗೂ ಶುಂಠಿ ಮೀನಿಗೂ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಖಾರದ ಪದಾರ್ಥಕ್ಕೆ ಮಾತ್ರ ಬೇಡ, ಅದರ ಆಲ್ಕೋಹಾಲ್ ಖಾರವನ್ನು ಇನ್ನಷ್ಟು ಉರಿಸುತ್ತದೆ. ಅಲ್ಲಿ ಬಿಯರೇ ಸರಿ. ಸ್ಯಾಂಟೊರಿನಿಯಲ್ಲೇ ತಯಾರಾಗುವ ಯೆಲ್ಲೋ ಡಾಂಕಿ ಇದ್ದರೆ ಅದು, ಇಲ್ಲವಾದರೆ ಮಿಥೋಸ್. ದ್ವೀಪದ ನಲ್ಲಿ ನೀರನ್ನು ಕುಡಿಯಲು ಬಳಸುವುದಿಲ್ಲ, ಒಂದು ಲೀಟರ್ ಬಾಟಲಿ 3 ಯೂರೋ.

ಇಬ್ಬರಿಗೆ ಸ್ಕ್ವಿಡ್, ಬದನೆ, ಮೀನು, ಎರಡು ಬಟ್ಟಲು ಅನ್ನ (ತಲಾ 3.50), ನೀರು, ಎರಡು ಬಿಯರ್ (ತಲಾ 6), ಕುವೇರ್ ಸೇರಿ 75 ಯೂರೋ ಆಗುತ್ತದೆ. ಕುವೇರ್ ಅಂದರೆ ಕೂತದ್ದಕ್ಕೆ ತಲೆಗೆ 1.50. ಟವೆರ್ನಾದಲ್ಲಿ ಅದಕ್ಕೆ ಬ್ರೆಡ್ ಬರುತ್ತದೆ, ಇಲ್ಲಿ ಸಿಗಡಿ ಹಪ್ಪಳ (ಸಸ್ಯಾಹಾರಿಗಳೇ, ಇದೂ ಲೆಕ್ಕದಲ್ಲಿರಲಿ). ಬೇಡವಾದರೆ ಮುಟ್ಟುವ ಮೊದಲೇ ಹೇಳಿ. ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಮೇಲೆ ಅದನ್ನು ಬೇರೆಯಾಗಿ ಕೂಡಿಸುವಂತಿಲ್ಲ. ಛಾಪಿಸಿದ ರಸೀದಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಿಲ್ಲ ಎಂದು ಕಾನೂನೇ ಇದೆ, ಆ ಸಾಲು ಮೆನುವಿನಲ್ಲೂ ಇರುತ್ತದೆ. ಕೈಯಲ್ಲಿ ಗೀಚಿದ ಚೀಟಿ ಬಂದರೆ ರಸೀದಿ ಕೇಳಿ ಪಡೆಯಿರಿ. ಟಿಪ್ಸ್ ಕಡ್ಡಾಯವಲ್ಲ, ಐದರಿಂದ ಹತ್ತು ಪರ್ಸೆಂಟ್ ನಗದು ಮೇಜಿನ ಮೇಲೆ ಬಿಟ್ಟರೆ ಸಾಕು.

ಕೂರಲು ಗೋಡೆಯ ಕಡೆಯ ಮೇಜು ಕೇಳಿ. ಜುಲೈ-ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಗೆ ಮೆಸಾ ವೂನೊ ಬೆಟ್ಟ ಸ್ವಲ್ಪ ಅಡ್ಡವಾಗುತ್ತದೆ ನಿಜ, ಆದರೂ ರಸ್ತೆಯಂಚಿನ ಮೇಜಿನಲ್ಲಿ ಅನ್ನ ಎರಡೇ ನಿಮಿಷಕ್ಕೆ ತಣ್ಣಗಾಗುತ್ತದೆ. ಹೊರಗಿನ ಮೇಜುಗಳಲ್ಲಿ ಸಿಗರೇಟು ಸೇದುವವರೂ ಇರುತ್ತಾರೆ.

ದ್ವೀಪದ ಮುಖ್ಯ ಊರಾದ ಫಿರಾದಿಂದ ಬರುವವರಿಗೆ ಕೆಟೆಲ್ ಸಂಸ್ಥೆಯ ಬಸ್ಸಿದೆ, ಸುಮಾರು ಅರ್ಧ ಗಂಟೆಯ ದಾರಿ. ಕಮಾರಿಯಲ್ಲಿ ಉಳಿದವರು ಎಚ್ಚರ: ನಕ್ಷೆಯಲ್ಲಿ ಪಕ್ಕದಲ್ಲೇ ಕಂಡರೂ ನಡುವೆ ಬೆಟ್ಟ ಅಡ್ಡ ನಿಂತಿದೆ. ಬಸ್ಸಾದರೆ ಫಿರಾಕ್ಕೆ ಹೋಗಿ ಬದಲಾಯಿಸಬೇಕು. ಬೇಸಿಗೆಯಲ್ಲಿ ಎರಡು ಊರಿನ ನಡುವೆ ಓಡಾಡುವ ದೋಣಿ ಹಗಲಿನ ಮಾತು, ರಾತ್ರಿಯೂಟ ಮುಗಿಸಿ ಹಿಂದಿರುಗಲು ಅದನ್ನು ನೆಚ್ಚಬೇಡಿ. ಕೊನೆಯ ಬಸ್ಸಿನ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಊಟಕ್ಕೆ ಕೂರುವ ಮೊದಲೇ ನಿಲ್ದಾಣದ ಹಲಗೆ ನೋಡಿಕೊಳ್ಳಿ.