ಪತಂಗಗಳ ಹೆಸರು ಹುಡುಕುತ್ತ ಸಿಕ್ಕ ಬಳಗ: ಐನ್ಯಾಚುರಲಿಸ್ಟ್ ಬಳಕೆದಾರನ ವಿಮರ್ಶೆ

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲದ ರಾತ್ರಿ ಜಗುಲಿಯ ದೀಪ ಉರಿಯುತ್ತಿದ್ದರೆ ಬೆಳಗಾಗುವಷ್ಟರಲ್ಲಿ ಸುಣ್ಣದ ಗೋಡೆಯ ತುಂಬ ಪತಂಗಗಳು ಕೂತಿರುತ್ತವೆ. ಪಿಕಳಾರ, ಮಡಿವಾಳ ಹಕ್ಕಿಗಳು ಬಂದು ಅವುಗಳನ್ನು ಹೆಕ್ಕುವ ಮೊದಲೇ ಎದ್ದು, ಒಂದೊಂದನ್ನೂ ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಫೋನಿನಲ್ಲಿ ಸೆರೆಹಿಡಿದು, ಕಾಫಿ ಕುಡಿಯುತ್ತ, ಜೀವಿಗಳ ಚಿತ್ರ ಹಾಕಿ ಬಲ್ಲವರಿಂದ ಹೆಸರು ತಿಳಿಯುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಸೇರಿಸುವುದು ಕೆಲವು ವರ್ಷಗಳಿಂದ ನನ್ನ ದಿನಚರಿಯಾಗಿದೆ. ತೋಟದಲ್ಲಿ ನೆಟ್‌ವರ್ಕ್ ಸಿಗದ ದಿನ ಚಿತ್ರಗಳನ್ನು ಫೋನಿನಲ್ಲೇ ಉಳಿಸಿಕೊಂಡು, ಪೇಟೆಗೆ ಹೋದಾಗ ಅಪ್‌ಲೋಡ್ ಮಾಡಿದರಾಯಿತು.

2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಈ ಜಾಲ 2023ರಿಂದ ಸ್ವತಂತ್ರವಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿದೆ. ಶುಲ್ಕವಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಆದರೆ ನನ್ನನ್ನು ಹಿಡಿದಿಟ್ಟಿರುವುದು ಇದರ ವಿನ್ಯಾಸ. ಇಲ್ಲಿ ವ್ಯಕ್ತಿಯನ್ನೇ ಹಿಂಬಾಲಿಸಬೇಕೆಂದಿಲ್ಲ. ಒಂದು ಜೀವಿವರ್ಗವನ್ನೋ ಒಂದು ಪ್ರದೇಶವನ್ನೋ ಆರಿಸಿಕೊಂಡರೆ ಅದಕ್ಕೆ ಸಂಬಂಧಿಸಿದ ಹೊಸ ದಾಖಲೆಗಳು ತಾವಾಗಿಯೇ ನಮ್ಮ ಮುಂದೆ ಬರುತ್ತವೆ. ಕಳೆದ ಮಳೆಗಾಲದಲ್ಲಿ ಹಸಿರು ಮೈಯ ಮೇಲೆ ನಸುಗೆಂಪು, ಬಿಳಿ ಪಟ್ಟೆಗಳಿದ್ದ ದೊಡ್ಡ ಪತಂಗವೊಂದರ ಚಿತ್ರ ಹಾಕಿದಾಗ, ಪರಿಚಯವೇ ಇಲ್ಲದವರೊಬ್ಬರು ಅದನ್ನು ಡಾಫ್ನಿಸ್ ನೀರಿಯೈ ಎಂದು ಗುರುತಿಸಿ, 'ಹತ್ತಿರದಲ್ಲಿ ಕಣಗಿಲೆ ಅಥವಾ ನಂದಿಬಟ್ಟಲಿನ ಗಿಡವಿದೆಯೇ?' ಎಂದು ಕೇಳಿದರು. ಅಂಗಳದ ನಂದಿಬಟ್ಟಲಿನ ಎಲೆಗಳನ್ನು ಮಗುಚಿ ನೋಡಿದರೆ, ತಲೆಯ ಹಿಂದೆ ಎರಡು ನೀಲಿ ಕಣ್ಣುಚುಕ್ಕೆಗಳಿದ್ದ ಅದರ ಹುಳು ಅಲ್ಲೇ ಮೇಯುತ್ತಿತ್ತು! ಅಂದಿನಿಂದ ಅವರೂ ನಾನೂ ಒಬ್ಬರ ದಾಖಲೆಗಳನ್ನು ಇನ್ನೊಬ್ಬರು ತಪ್ಪದೇ ನೋಡುತ್ತೇವೆ, ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ಬೇಸರವಾಗುವುದು ಬೇರೊಬ್ಬರು ಸೂಚಿಸಿದ ಹೆಸರನ್ನು ಅನುಮೋದಿಸುವ 'ಒಪ್ಪಿಗೆ' ಗುಂಡಿಯ ಬಳಕೆಯನ್ನು ಕಂಡಾಗ. ದಿನಾಂಕ, ಸ್ಥಳ, ಚಿತ್ರಗಳಿರುವ ದಾಖಲೆಯೊಂದು ಸಂಶೋಧನಾ ದರ್ಜೆಗೆ, ಅಂದರೆ ಸಂಶೋಧನೆಗೆ ಬಳಸಬಹುದಾದ ಮಟ್ಟಕ್ಕೆ, ಏರಬೇಕಾದರೆ ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರಿಗೆ ಒಪ್ಪಬೇಕು, ಇಬ್ಬರೇ ಇದ್ದರೂ ಸಾಕು. ಬಲ್ಲವರು ಹೇಳಿದ್ದಾರೆಂಬ ಗೌರವದಿಂದ ಚಿತ್ರ ಹಾಕಿದವರೇ ಒಪ್ಪಿಗೆ ಒತ್ತಿಬಿಟ್ಟರೆ ಒಬ್ಬರ ಅಭಿಪ್ರಾಯ ಇಬ್ಬರದ್ದಾಗಿ, ಮುಂದೆ ಜಿಬಿಐಎಫ್ ಎಂಬ ಜಾಗತಿಕ ದತ್ತಾಂಶ ಭಂಡಾರಕ್ಕೂ ಹೋಗಬಹುದು. ಯಾವ ಲಕ್ಷಣವನ್ನು ನೋಡಿ ಒಪ್ಪಿದಿರೆಂದು ಒಂದು ಸಾಲಾದರೂ ಬರೆಯುವ ರೂಢಿ ನಮ್ಮಲ್ಲಿ ಬರಬೇಕು. ಹಾಗೆ ಕೇಳಿದಾಗ ಯಾರೂ ಸಿಡುಕಿದ್ದಿಲ್ಲ. ರೆಕ್ಕೆಯ ಗೆರೆಯನ್ನು ತೋರಿಸಿ ತಾಳ್ಮೆಯಿಂದ ವಿವರಿಸಿದವರೇ ಹೆಚ್ಚು. ಕೆಲವು ಸಣ್ಣ ಪತಂಗಗಳನ್ನು ಜನನಾಂಗ ಛೇದಿಸಿ ಪರೀಕ್ಷಿಸದೆ ಗುರುತಿಸಲಾಗದು ಎಂಬುದನ್ನು ನಾನು ಕಲಿತದ್ದೂ ಇಂಥ ಮಾತುಕತೆಯಲ್ಲೇ. ಹಾಗಾಗಿ ನನ್ನ ಹಲವು ದಾಖಲೆಗಳು ಪ್ರಭೇದದವರೆಗೆ ಹೋಗದೆ ಕುಲದ (ಜೀನಸ್) ಹೆಸರಿನಲ್ಲೇ ನಿಂತಿದ್ದರೂ ಈಗ ಅದರ ಬಗ್ಗೆ ಅಸಮಾಧಾನವಿಲ್ಲ.

ತಕ್ಷಣದ ಮೆಚ್ಚುಗೆ ಬಯಸುವವರಿಗೆ ಇದು ಹಿಡಿಸುವುದು ಕಷ್ಟ. ಕಂಡದ್ದರ ಬಗ್ಗೆ ಕುತೂಹಲವಿರುವವರು ಖಂಡಿತ ಸೇರಬೇಕು. ಮನೆಯಂಗಳದ ಚಿತ್ರ ಹಾಕುವಾಗ ಮಾತ್ರ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯನ್ನು ಬಳಸಿ. ಆಗ ಬೇರೆಯವರಿಗೆ ನಿಖರವಾದ ಜಾಗದ ಬದಲು ಸುಮಾರು 22 ಕಿ.ಮೀ. ಉದ್ದಗಲದ ಪ್ರದೇಶದೊಳಗಿನ ಯಾವುದೋ ಒಂದು ಬಿಂದು ಕಾಣಿಸುತ್ತದೆ.